ನೆಲದ ಕೌದಿ

ರಾಯಚೂರಿನವನೊಬ್ಬನು ಮಾಘಮಾಸದಲ್ಲಿ ಕಾಶ್ಮೀರಕ್ಕೆ ಹೊರಟರೆ ಊರಿನವರು ಎರಡು ಬಗೆಯಾಗಿ ಯೋಚಿಸುತ್ತಾರೆ. ಒಂದು, ಇವನ ಮಕ್ಕಳು ಇವನಿಗೆ ಹಣವನ್ನು ಹೆಚ್ಚಾಗಿ ಕಳುಹಿಸುತ್ತಿರಬೇಕು. ಇನ್ನೊಂದು, ನಿವೃತ್ತಿಯಾದ ಮೇಲೆ ಇವನ ತಲೆ ಸ್ವಲ್ಪ ಸಡಿಲವಾಗಿರಬೇಕು. ೨೦೨೩ರ ಫೆಬ್ರವರಿ ತಿಂಗಳಲ್ಲಿ ನಾನು ಗುಲ್ಮಾರ್ಗಕ್ಕೆ ಹೊರಟಾಗ ಈ ಎರಡು ಮಾತುಗಳೂ ನನ್ನ ಕಿವಿಗೆ ಬಿದ್ದವು. ಮೊದಲನೆಯದು ಸುಳ್ಳು. ಎರಡನೆಯದನ್ನು ನಾನೇ ತೀರ್ಮಾನಿಸುವಂತಿಲ್ಲ.

ನೆರೆಮನೆಯ ಹಿರಿಯರೊಬ್ಬರು ಮಾತ್ರ ನೇರವಾಗಿಯೇ ಕೇಳಿದರು: “ಬ್ಯಾಸಗಿಯಾಗ ಹೋದ್ರ ತಂಪಾದ್ರೂ ಸಿಗತೈತಿ. ಚಳಿಗಾಲದಾಗ ಚಳಿ ಊರಿಗೆ ಯಾಕ ಹೊಂಟೀರಿ ಮಾಸ್ತರ?” ಪ್ರಶ್ನೆ ನ್ಯಾಯವಾದದ್ದೇ. ಹಸಿದವನು ಊಟಕ್ಕೆ ಹೋಗುವುದು ಲೋಕರೂಢಿ. ಬೇಸಿಗೆಯಲ್ಲಿ ಬೆಂದವನು ತಂಪನ್ನು ಅರಸಿ ಹೋಗುವುದೂ ಹಾಗೆಯೇ. ಚಳಿಗಾಲದಲ್ಲಿ ಚಳಿಯನ್ನೇ ಹುಡುಕಿಕೊಂಡು ಹೋಗುವುದಕ್ಕೆ ಕಾರಣ ಬೇಕು. ನಾನು ಅವರಿಗೆ ಮೂರು ನಾಲ್ಕು ಕಾರಣಗಳನ್ನು ಹೇಳಿದೆ. ಅವೆಲ್ಲವೂ ನಿಜವಾದ ಕಾರಣಗಳೇ. ಆದರೆ ಎಲ್ಲಕ್ಕಿಂತ ಮುಖ್ಯವಾದುದನ್ನು ಹೇಳಲು ನಾಚಿಕೆಯಾಗಿ ಮುಚ್ಚಿಟ್ಟುಕೊಂಡೆ. ಅದನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ.

ನಮ್ಮದು ಬಿಸಿಲ ನಾಡು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ; ನಡುವೆ ಹಿರಿಯರು ಎಡೆದೊರೆನಾಡೆಂದು ಕರೆದ ಎರೆಯ ಭೂಮಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿಯ ಬಿಸಿಲು ೪೦ ಡಿಗ್ರಿಯನ್ನು ದಾಟುತ್ತದೆ. ಇಂಥ ನಾಡಿನ ದೇವದುರ್ಗ ಮತ್ತು ಮಾನ್ವಿ ತಾಲ್ಲೂಕುಗಳ ಶಾಲೆಗಳಲ್ಲಿ ನಾನು ಮೂವತ್ತೈದು ವರ್ಷ ಕನ್ನಡವನ್ನು ಕಲಿಸಿದೆ. ಕನ್ನಡ ಕಲಿಸುವವನಿಗೆ ಹಿಮಾಲಯವನ್ನು ತಪ್ಪಿಸಿಕೊಳ್ಳಲು ಸಾಧ್ಯವಿಲ್ಲ. ಹಳೆಗನ್ನಡ ಕಾವ್ಯದಲ್ಲಿ ಹಿಮಗಿರಿ ಬರುತ್ತದೆ, ಪುರಾಣದ ಕಥೆಯಲ್ಲಿ ಕೈಲಾಸ ಬರುತ್ತದೆ, ಪ್ರವಾಸಕಥನದಲ್ಲಿ ಬದರಿ ಕೇದಾರಗಳು ಬರುತ್ತವೆ. ಒಂದು ಚಿಟಿಕೆ ಹಿಮವನ್ನೂ ಕಣ್ಣಾರೆ ಕಾಣದೆ ನಾನು ಇವೆಲ್ಲಕ್ಕೂ ಅರ್ಥ ಹೇಳುತ್ತಿದ್ದೆ. ನನಗೂ ನನ್ನ ವಿದ್ಯಾರ್ಥಿಗಳಿಗೂ ತಿಳಿದಿದ್ದ ಹಿಮವೆಂದರೆ, ಬಸ್ ನಿಲ್ದಾಣದ ಶರಬತ್ತಿನ ಅಂಗಡಿಯಲ್ಲಿ ಕಟ್ಟಿಗೆಯ ಪುಡಿಯೊಳಗೆ ಹುದುಗಿಸಿ, ಗೋಣಿಚೀಲ ಹೊದಿಸಿಟ್ಟಿರುತ್ತಿದ್ದ ಬರ್ಫದ ಗಡ್ಡೆ ಮಾತ್ರ.

೧೯೮೮ನೆಯ ಇಸವಿ. ನಾನು ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆ, ಒಂಬತ್ತನೆಯ ತರಗತಿ. ಹತ್ತಿ ಬಿಡಿಸುವ ಕಾಲವಾದುದರಿಂದ ಅರ್ಧದಷ್ಟು ಮಕ್ಕಳು ಶಾಲೆಗೆ ಬಂದಿರಲಿಲ್ಲ. ಬಂದವರಿಗೆ ಹಿಮಾಲಯವನ್ನು ಕುರಿತ ಪಾಠವೊಂದನ್ನು ಹೇಳುತ್ತಿದ್ದೆ. ಹಿಮವೆಂದರೆ ಏನೆಂದು ತಿಳಿಸುವುದು ಹೇಗೆ? ಕಿಟಕಿಯ ಆಚೆಗೆ ಬಿರಿದು ನಿಂತ ಹತ್ತಿಯ ಹೊಲ ಕಾಣುತ್ತಿತ್ತು. ನನಗೆ ಒಂದು ಉಪಮೆ ಹೊಳೆಯಿತು. “ಅಲ್ಲಿ ನೋಡಿರಿ. ಗಿಡಗಳ ಮೇಲಿನ ಆ ಹತ್ತಿಯೆಲ್ಲ ನೆಲದ ಮೇಲೆ ಹರಡಿಕೊಂಡಿದೆ ಎಂದು ಭಾವಿಸಿರಿ. ಬೆಟ್ಟ, ಕಣಿವೆ, ಮನೆಯ ಮಾಳಿಗೆ ಎಲ್ಲವೂ ಹತ್ತಿಯಿಂದ ಮುಚ್ಚಿಹೋಗಿದೆ ಎಂದುಕೊಳ್ಳಿರಿ. ಅದೇ ಹಿಮ” ಎಂದೆ. ಹೇಳಿದ ಮಾತು ನನಗೇ ಮೆಚ್ಚುಗೆಯಾಯಿತು.

ಆಗ ಹಿಂದಿನ ಸಾಲಿನಿಂದ ಒಬ್ಬ ಹುಡುಗನು ಎದ್ದು ನಿಂತನು. ಹತ್ತಿ ಬೆಳೆಯುವ ಮನೆತನದವನು, ಮಾತು ಕಡಿಮೆ. “ಸರ್, ಹತ್ತಿಯಂಗ ಇದ್ದರ ಅದು ಬೆಚ್ಚಗೂ ಇರಬೇಕಲ್ರಿ?” ಎಂದು ಕೇಳಿದನು.

ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ನಕ್ಕುದಷ್ಟೇ ಅಲ್ಲ, “ಹಿಮ ಬೆಚ್ಚಗಿದ್ದರೆ ಬೆಂಕಿ ತಣ್ಣಗಿರಬೇಕು. ಕುಳಿತುಕೋ” ಎಂದೆ. ನಗು ಇಮ್ಮಡಿಯಾಯಿತು. ಹುಡುಗನು ಕುಳಿತನು. ಆ ವರ್ಷವೆಲ್ಲ ಅವನು ಮತ್ತೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅದು ನನ್ನ ಗಮನಕ್ಕೆ ಬರುವ ಹೊತ್ತಿಗೆ ನನಗೆ ಬೇರೆ ಊರಿಗೆ ವರ್ಗವಾಗಿತ್ತು. ಆಮೇಲೆ ಎಲ್ಲಿ ಹಿಮದ ಮಾತು ಬಂದರೂ ಆ ಹುಡುಗನ ತಗ್ಗಿದ ತಲೆ ನನ್ನ ಕಣ್ಣಮುಂದೆ ಬರುತ್ತಿತ್ತು. ಹಿಮವನ್ನು ಕಾಣದವನು ಹಿಮದ ವಿಷಯದಲ್ಲಿ ಮತ್ತೊಬ್ಬನನ್ನು ನೋಡಿ ನಕ್ಕೆನಲ್ಲ ಎಂಬ ಮುಳ್ಳು ಒಳಗೇ ಉಳಿಯಿತು. ನಿವೃತ್ತಿಯ ಹಣದಲ್ಲಿ ಒಂದಿಷ್ಟನ್ನು ತೆಗೆದಿಟ್ಟು, ಹಿಮವನ್ನು ಹಿಮದ ಕಾಲದಲ್ಲಿಯೇ ಹೋಗಿ ನೋಡಬೇಕೆಂದು ನಿಶ್ಚಯಿಸಿದುದಕ್ಕೆ ಇದೇ ಕಾರಣ.

ರಾಯಚೂರಿನಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ದೆಹಲಿಗೆ ಹೋಗಿ, ಅಲ್ಲಿಂದ ವಿಮಾನದಲ್ಲಿ ಶ್ರೀನಗರವನ್ನು ಮುಟ್ಟಿದೆ. ಈಗಾದರೆ ಆ ಕಡೆಯ ದಾರಿಗೆ ರೈಲೂ ಇದೆ. ೨೦೨೫ರ ಜೂನ್ ತಿಂಗಳಿನಿಂದ ಕಟ್ರಾ ಊರಿನಿಂದ ಶ್ರೀನಗರಕ್ಕೆ ರೈಲು ಓಡುತ್ತಿದೆ. ನಡುವೆ ಚಿನಾಬ್ ನದಿಯನ್ನು ೩೫೯ ಮೀಟರ್ ಎತ್ತರದ ಸೇತುವೆಯ ಮೇಲೆ ದಾಟುತ್ತದೆ. ಶ್ರೀನಗರದಿಂದ ಗುಲ್ಮಾರ್ಗಕ್ಕೆ ಸುಮಾರು ೫೦ ಕಿಲೋಮೀಟರ್. ಬೆಟ್ಟದ ಬುಡದಲ್ಲಿರುವ ತಂಗ್‌ಮಾರ್ಗ್ ಎಂಬಲ್ಲಿ ನಮ್ಮ ವಾಹನದ ಚಕ್ರಗಳಿಗೆ ಕಬ್ಬಿಣದ ಸರಪಳಿ ಸುತ್ತಿದರು. ಹಿಮದ ಮೇಲೆ ಚಕ್ರ ಜಾರದಿರಲೆಂದು ಹೀಗೆ ಮಾಡುತ್ತಾರೆ. ನಮ್ಮ ಕಡೆ ಎತ್ತಿಗೆ ಲಾಳ ಕಟ್ಟುವುದು ನೆನಪಾಯಿತು.

ಗುಲ್ಮಾರ್ಗವೆಂದರೆ ಹೂವಿನ ಬಯಲು. ಸಮುದ್ರಮಟ್ಟದಿಂದ ಸುಮಾರು ೨,೬೫೦ ಮೀಟರ್ ಎತ್ತರದಲ್ಲಿ, ಬೆಟ್ಟಗಳ ಮಡಿಲಿನಲ್ಲಿ ಬಟ್ಟಲಿನಂತೆ ಇರುವ ಹುಲ್ಲುಗಾವಲು ಅದು. ಬೇಸಿಗೆಯಲ್ಲಿ ಹೂವು ಹಾಸುವ ಆ ಬಯಲು ನಾನು ಹೋದಾಗ ಬಿಳಿಯ ಮೌನವನ್ನು ಹಾಸಿಕೊಂಡಿತ್ತು. ಮೌನವೆಂದು ಸುಮ್ಮನೆ ಹೇಳಿದ ಮಾತಲ್ಲ. ಹೊಸದಾಗಿ ಬಿದ್ದ ಹಿಮ ಸದ್ದನ್ನು ಹೀರಿಕೊಳ್ಳುತ್ತದೆ. ಕುದುರೆಯ ಗೊರಸು, ಮಕ್ಕಳ ಕೂಗು, ವಾಹನದ ಗದ್ದಲ ಎಲ್ಲವೂ ಕಂಬಳಿಯೊಳಗಿನಿಂದ ಬಂದಂತೆ ಕೇಳುತ್ತವೆ. ನಾವು ಹೆಜ್ಜೆಯಿಟ್ಟಾಗ ಮಾತ್ರ ಕಾಲಡಿಯಲ್ಲಿ ಕರಕರ ಎಂಬ ಸದ್ದು. ಮರಗಳು ಕೊಂಬೆಕೊಂಬೆಯಲ್ಲೂ ಹಿಮವನ್ನು ಹೊತ್ತು ಬಾಗಿದ್ದವು. ನನಗೆ ಮೊದಲು ನೆನಪಾದದ್ದು ಯಾವ ಕಾವ್ಯವೂ ಅಲ್ಲ. ರಾಯಚೂರಿನ ಮಾರುಕಟ್ಟೆಯಲ್ಲಿ ರಾಶಿ ಹಾಕಿದ ಹತ್ತಿ.

ನೆರೆಮನೆಯವರಿಗೆ ನಾನು ಹೇಳಿದ್ದ ಮೊದಲನೆಯ ಕಾರಣ, ಬೇರೆಯವರು ಹೇಗೆ ಬದುಕುತ್ತಾರೆಂದು ನೋಡಬೇಕೆಂಬುದು. ಬೇಸಿಗೆಯ ಪ್ರವಾಸಿಯು ಬೆಟ್ಟದ ಸೊಬಗನ್ನು ಕಾಣುತ್ತಾನೆ. ಚಳಿಗಾಲದಲ್ಲಿ ಹೋದವನು ಬೆಟ್ಟದ ಜನರನ್ನು ಕಾಣುತ್ತಾನೆ. ಅಲ್ಲಿಯವರು ಫಿರನ್ ಎಂಬ ಅಗಲವಾದ ನಿಲುವಂಗಿಯನ್ನು ತೊಟ್ಟು, ಅದರೊಳಗೆ ಕಾಂಗ್ರಿಯನ್ನು ಹಿಡಿದುಕೊಂಡಿರುತ್ತಾರೆ. ಕಾಂಗ್ರಿಯೆಂದರೆ ಹೆಣೆದ ಬುಟ್ಟಿಯೊಳಗೆ ಕೂರಿಸಿದ ಮಣ್ಣಿನ ಕುಡಿಕೆ, ಅದರಲ್ಲಿ ಕೆಂಡ. ನಾವು ಬೇಸಿಗೆಯಲ್ಲಿ ಮಣ್ಣಿನ ಗಡಿಗೆಯಲ್ಲಿ ತಂಪನ್ನು ಕಾಪಾಡುತ್ತೇವೆ; ಅವರು ಚಳಿಗಾಲದಲ್ಲಿ ಮಣ್ಣಿನ ಕುಡಿಕೆಯಲ್ಲಿ ಬಿಸಿಯನ್ನು ಕಾಪಾಡುತ್ತಾರೆ. ಒಂದೇ ಮಣ್ಣು, ಎರಡು ಕೆಲಸ. ಡಿಸೆಂಬರ್ ೨೧ರಿಂದ ಮೊದಲಾಗುವ ೪೦ ದಿನಗಳ ಕಡುಚಳಿಗೆ ಅವರು ‘ಚಿಲ್ಲೈ ಕಲಾನ್’ ಎನ್ನುತ್ತಾರೆ. ಅದರ ಹಿಂದೆ ೨೦ ದಿನಗಳ ಕಿರಿಯ ಚಳಿ, ಅದರ ಹಿಂದೆ ೧೦ ದಿನಗಳ ಮರಿಚಳಿ. ನಮ್ಮ ರೈತರು ಮಳೆಯ ನಕ್ಷತ್ರಗಳನ್ನು ಎಣಿಸುವಂತೆ ಅವರು ಚಳಿಯ ದಿನಗಳನ್ನು ಎಣಿಸುತ್ತಾರೆ.

ಎರಡನೆಯ ಕಾರಣ ನೀರು. ಕೃಷ್ಣೆಯಾಗಲಿ ತುಂಗಭದ್ರೆಯಾಗಲಿ ಮಳೆಯನ್ನು ನಂಬಿದ ನದಿಗಳು. ಮಳೆಗಾಲದ ನೀರನ್ನು ಹೊಸಪೇಟೆಯ ಹತ್ತಿರ, ನಾರಾಯಣಪುರದ ಹತ್ತಿರ ಅಣೆಕಟ್ಟು ಕಟ್ಟಿ ನಿಲ್ಲಿಸಿದ್ದರಿಂದಲೇ ಮಾನ್ವಿಗೂ ದೇವದುರ್ಗಕ್ಕೂ ಕಾಲುವೆ ಬಂದಿತು. ಕಾಲುವೆಯ ಕೆಳಭಾಗದ ರೈತನು ನೀರಿಗಾಗಿ ಕಾದು ಕುಳಿತುಕೊಳ್ಳುವುದು ಹೇಗೆಂಬುದನ್ನು ನಮ್ಮ ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಅಲ್ಲಿ ಬೆಟ್ಟವೇ ಅಣೆಕಟ್ಟು. ಚಳಿಗಾಲದಲ್ಲಿ ಬಿದ್ದ ನೀರು ಹರಿದುಹೋಗದೆ ಹಿಮವಾಗಿ ನಿಲ್ಲುತ್ತದೆ. ಬಿಸಿಲು ಏರಿದಂತೆ ಸ್ವಲ್ಪಸ್ವಲ್ಪವಾಗಿ ಕರಗಿ, ಬೇಕಾದ ಕಾಲಕ್ಕೆ ಇಳಿಯುತ್ತದೆ. ಗುಲ್ಮಾರ್ಗದ ಮೇಲಿನ ಅಫರ್‌ವಾತ್ ಬೆಟ್ಟದ ಹಿಮ ಕರಗಿ ನಿಂಗಲ್ ಎಂಬ ಹಳ್ಳವಾಗಿ ಹರಿದು ಝೇಲಂ ನದಿಯನ್ನು ಸೇರುತ್ತದೆ. ಬೇಸಿಗೆಯಲ್ಲಿ ಹೋದವನು ಹಳ್ಳವನ್ನು ಮಾತ್ರ ನೋಡುತ್ತಾನೆ. ನೀರಿನ ಗಂಟನ್ನು ನೋಡಬೇಕಾದರೆ ಚಳಿಗಾಲದಲ್ಲಿಯೇ ಹೋಗಬೇಕು.

ಮೂರನೆಯ ಕಾರಣ ಸ್ಕೀ ಎಂಬ ಆಟ. ಎರಡು ಉದ್ದನೆಯ ಪಟ್ಟಿಗಳನ್ನು ಪಾದಗಳಿಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವುದೇ ಸ್ಕೀ. ಹಿಮದ ದೇಶಗಳಲ್ಲಿ ಇದು ಆಟವಾಗುವ ಮೊದಲು ಸಾವಿರಾರು ವರ್ಷ ನಡಿಗೆಯ ಸಾಧನವಾಗಿತ್ತು. ಗುಲ್ಮಾರ್ಗದಲ್ಲಿ ೧೯೨೭ರಲ್ಲಿ ಬ್ರಿಟಿಷ್ ಸೇನಾಧಿಕಾರಿಗಳು ಭಾರತದ ಸ್ಕೀ ಕ್ಲಬ್ಬನ್ನು ಸ್ಥಾಪಿಸಿದರು. ಸ್ವಾತಂತ್ರ್ಯ ಬಂದ ಮರುವರ್ಷವೇ, ೧೯೪೮ರ ಡಿಸೆಂಬರಿನಲ್ಲಿ, ಅಲ್ಲಿ ನಮ್ಮ ಸೇನೆಯ ಸ್ಕೀ ಶಾಲೆ ಮೊದಲಾಯಿತು. ಅದನ್ನು ಆರಂಭಿಸಿದ ದಳದ ಮುಖ್ಯಸ್ಥರು ನಮ್ಮ ಕೊಡಗಿನ ಕೆ. ಎಸ್. ತಿಮ್ಮಯ್ಯನವರು ಎಂಬುದನ್ನು ನೀವು ನೆನಪಿಡಬೇಕು. ಅದೇ ಕೊಡಗಿನ ತೆಕ್ಕಡ ಭವಾನಿ ಎಂಬ ತರುಣಿ ಇತ್ತೀಚೆಗೆ ಗುಲ್ಮಾರ್ಗದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಸ್ಕೀ ಓಟದಲ್ಲಿ ಕರ್ನಾಟಕಕ್ಕೆ ಚಿನ್ನ ಗೆದ್ದಿದ್ದಾಳೆ. ಗುಲ್ಮಾರ್ಗದ ಇಳಿಜಾರಿನಲ್ಲಿಯೇ ಬಾಲ್ಯದಿಂದ ಕಲಿತ ಆರಿಫ್ ಖಾನ್ ೨೦೨೨ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಭಾರತದ ಏಕೈಕ ಸ್ಪರ್ಧಿಯಾಗಿದ್ದರು. ಹಿಮವಿಲ್ಲದ ನಾಡಿನವರಿಗೂ ಹಿಮದಲ್ಲಿ ಪಾಲಿದೆ ಎನ್ನುವುದಕ್ಕೆ ಭವಾನಿಯೇ ಸಾಕ್ಷಿ.

ಗೊಂಡೋಲಾ ಎಂಬ ತೂಗುಬಂಡಿಯು ತಂತಿಯ ಮೇಲೆ ಜನರನ್ನು ಮೇಲಕ್ಕೆ ಒಯ್ಯುತ್ತದೆ. ಅದರ ಮೊದಲ ಹಂತ ೧೯೯೮ರಲ್ಲಿ, ಎರಡನೆಯ ಹಂತ ೨೦೦೫ರಲ್ಲಿ ತೆರೆಯಿತು. ಎರಡನೆಯದು ಸುಮಾರು ೩,೯೫೦ ಮೀಟರ್ ಎತ್ತರಕ್ಕೆ ಮುಟ್ಟಿಸುತ್ತದೆ. ಪಳಗಿದವರು ಅಲ್ಲಿಂದ ಜಾರಿ ಇಳಿಯುತ್ತಾರೆ. ನಾನು ಅಷ್ಟು ಧೈರ್ಯವಂತನಲ್ಲ. ಕೆಳಗಿನ ಬಯಲಿನಲ್ಲಿ, ಆರು ವರ್ಷದ ಮಕ್ಕಳು ಕಲಿಯುವ ಇಳಿಜಾರಿನಲ್ಲಿ ನನ್ನ ಅಭ್ಯಾಸ ನಡೆಯಿತು. ನನ್ನ ಗುರುವಿಗೆ ಇಪ್ಪತ್ತೆರಡು ವರ್ಷವಿರಬಹುದು. ರಾಯಚೂರು ೧೯೪೮ರವರೆಗೂ ನಿಜಾಮರ ಆಳ್ವಿಕೆಯಲ್ಲಿದ್ದ ಊರು. ನಮಗೆಲ್ಲ ದಖ್ಖನಿ ಮಾತು ನಾಲಗೆಯ ಮೇಲಿರುತ್ತದೆ. ಅದನ್ನು ಕೇಳಿ ಅವನು ಮುಗುಳ್ನಕ್ಕರೂ ಅರ್ಥ ಮಾಡಿಕೊಳ್ಳುತ್ತಿದ್ದನು. ನನ್ನ ವೃತ್ತಿಯನ್ನು ತಿಳಿದ ಮೇಲೆ ‘ಮಾಸ್ಟರ್‌ಜೀ’ ಎಂದೇ ಕರೆದನು.

ಅವನು ಹೇಳಿಕೊಟ್ಟ ಮೊದಲ ಪಾಠ ಜಾರುವುದಲ್ಲ, ಬೀಳುವುದು. ಪಕ್ಕಕ್ಕೆ ಹೇಗೆ ಬೀಳಬೇಕು, ಬಿದ್ದಾಗ ಪಟ್ಟಿಗಳನ್ನು ಇಳಿಜಾರಿಗೆ ಅಡ್ಡವಾಗಿ ಹೇಗೆ ಇಡಬೇಕು, ಕೋಲನ್ನು ಊರಿ ಹೇಗೆ ಏಳಬೇಕು. ಮೊದಲ ಬೆಳಗ್ಗೆ ಹನ್ನೊಂದು ಸಲ ಬಿದ್ದೆ. ಆಮೇಲೆ ಎಣಿಸುವುದನ್ನು ಬಿಟ್ಟೆ. ಪ್ರತಿಸಲವೂ ಅವನು ಬಂದು ಕೈಕೊಟ್ಟನು, ಒಮ್ಮೆಯೂ ನಗಲಿಲ್ಲ. ಮೂವತ್ತೈದು ವರ್ಷ ಮೇಷ್ಟರಾಗಿದ್ದವನು ಮತ್ತೆ ವಿದ್ಯಾರ್ಥಿಯಾದಾಗ ಮೊದಲು ತಿಳಿಯುವುದು ಇದೇ: ಕಲಿಯುವವನು ಎಷ್ಟು ಹೆದರಿರುತ್ತಾನೆ ಎಂಬುದು.

ಮೂರನೆಯ ದಿನ ವಿಶ್ರಾಂತಿಯ ಹೊತ್ತಿನಲ್ಲಿ ಅವನನ್ನು ಒಂದು ಮಾತು ಕೇಳಿದೆ: “ಬೇಸಿಗೆಯಲ್ಲಿ ಇಲ್ಲಿ ಹೂ ಬಿಡುತ್ತದೆ ಎನ್ನುತ್ತಾರಲ್ಲ. ಇಷ್ಟು ಹಿಮದ ಕೆಳಗೆ ಬೇರುಗಳು ಸತ್ತುಹೋಗುವುದಿಲ್ಲವೇ?” ಕೇಳಿದ ಮೇಲೆ, ಅವನು ನಗುವನೋ ಎಂದು ನನಗೆ ಅಳುಕಾಯಿತು. ಅವನು ನಗಲಿಲ್ಲ. ಏನೂ ಹೇಳದೆ ಹೋಗಿ ಒಂದು ಸಲಿಕೆಯನ್ನು ತಂದನು. ಮೊದಲು, ಗಾಳಿಗೆ ಹಿಮವೆಲ್ಲ ಹಾರಿಹೋಗಿ ಬರಿದಾಗಿದ್ದ ಒಂದು ದಿಬ್ಬದ ಬಳಿಗೆ ಕರೆದುಕೊಂಡು ಹೋಗಿ, ನೆಲಕ್ಕೆ ಸಲಿಕೆಯಿಂದ ಕುಕ್ಕಿದನು. ಕಲ್ಲಿಗೆ ಕುಕ್ಕಿದಂತೆ ಠಣ್ಣೆಂದಿತು. ಬಳಿಕ ಹತ್ತು ಹೆಜ್ಜೆ ಆಚೆ, ಹಿಮ ಆಳವಾಗಿ ನಿಂತಲ್ಲಿ ಅಗೆಯತೊಡಗಿದನು. ಸೊಂಟದ ಆಳದವರೆಗೆ ಅಗೆದ ಮೇಲೆ ನೆಲ ಕಂಡಿತು. “ಕೈಗವಸು ತೆಗೆದು ಮುಟ್ಟಿ ನೋಡಿ ಮಾಸ್ಟರ್‌ಜೀ” ಎಂದನು.

ಮಂಡಿಯೂರಿ ಕೈಯನ್ನು ಇಳಿಬಿಟ್ಟೆ. ಮಣ್ಣು ಮೆತ್ತಗಿತ್ತು. ಬೆರಳು ಒತ್ತಿದರೆ ಒಳಕ್ಕೆ ಇಳಿಯುತ್ತಿತ್ತು. ಹಳದಿಯಾದ ಹುಲ್ಲು ಮಲಗಿತ್ತು. ಅದರ ಬುಡದಲ್ಲಿ ಹಸಿರಿನ ಒಂದು ಎಳೆಯೂ ಇತ್ತು. “ಹಿಮ ಕಡಿಮೆಯಾದ ವರ್ಷ ನೆಲ ಗಟ್ಟಿಯಾಗಿ ಬೇರು ಸಾಯುತ್ತದೆ, ಹಿಮ ಹೆಚ್ಚಾದ ವರ್ಷ ಹುಲ್ಲು ಚೆನ್ನಾಗಿ ಬರುತ್ತದೆ ಎಂದು ನಮ್ಮಜ್ಜಿ ಹೇಳುತ್ತಾಳೆ. ಹಿಮ ನೆಲದ ರಜಾಯಿ” ಎಂದನು.

ರಜಾಯಿ ಎಂದರೆ ಹತ್ತಿ ತುಂಬಿದ ಹೊದಿಕೆ. ನಮ್ಮ ಕೌದಿಯ ಬಳಗದ್ದು. ಆ ಮಾತು ಕಿವಿಗೆ ಬಿದ್ದೊಡನೆ ೧೯೮೮ರ ಆ ತರಗತಿಯು ನನ್ನ ಮುಂದೆ ಬಂದು ನಿಂತಿತು. ಹುಡುಗನು ಕೇಳಿದ್ದು ಇದನ್ನೇ ಅಲ್ಲವೇ?

ಆಮೇಲೆ ಓದಿ ತಿಳಿದುಕೊಂಡುದನ್ನು ಇಲ್ಲಿ ಹೇಳುತ್ತೇನೆ. ಹೊಸದಾಗಿ ಬಿದ್ದ ಹಿಮದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಗಾಳಿ. ಹಿಮದ ಹರಳುಗಳ ನಡುವೆ ಸಿಕ್ಕಿಕೊಂಡ ಆ ಗಾಳಿ ಅತ್ತಿತ್ತ ಚಲಿಸಲಾರದು; ನಿಂತ ಗಾಳಿಯ ಮೂಲಕ ಶಾಖವು ಸುಲಭವಾಗಿ ಹಾದುಹೋಗಲಾರದು. ಆದುದರಿಂದ ಮೇಲಿನ ಗಾಳಿ ಸೊನ್ನೆಗಿಂತ ಹತ್ತಾರು ಡಿಗ್ರಿ ಕೆಳಗಿಳಿದರೂ ಆಳವಾದ ಹಿಮದಡಿಯ ನೆಲವು ಸೊನ್ನೆಯ ಆಸುಪಾಸಿನಲ್ಲಿಯೇ ಉಳಿಯುತ್ತದೆ. ಹತ್ತಿಯ ಗುಟ್ಟೂ ಇದೇ. ಮಾನ್ವಿಯಲ್ಲಿದ್ದಾಗ ಪ್ರತಿವರ್ಷ ಪಿಂಜಾರರು ಬಂದು, ಬಿಲ್ಲಿನ ನಾರಿಯನ್ನು ಮಿಡಿದು ನಮ್ಮ ಮನೆಯ ಗಾದಿಯ ಅರಳೆಯನ್ನು ಹಿಂಜಿಕೊಡುತ್ತಿದ್ದರು. ಒತ್ತಿಹೋದ ಹಳೆಯ ಗಾದಿ ಚಳಿ ತಡೆಯುತ್ತಿರಲಿಲ್ಲ. ಹಿಂಜಿದ ಮೇಲೆ ಅದೇ ಹತ್ತಿ ಬೆಚ್ಚಗಾಗುತ್ತಿತ್ತು. ಪಿಂಜಾರರು ಹತ್ತಿಯನ್ನು ಹೆಚ್ಚಿಸಿರಲಿಲ್ಲ. ಅದರೊಳಗೆ ಗಾಳಿಯನ್ನು ತುಂಬಿದ್ದರು. ಶರಬತ್ತಿನ ಅಂಗಡಿಯ ಕಟ್ಟಿಗೆಯ ಪುಡಿ ಬರ್ಫವನ್ನು ಕರಗದಂತೆ ಕಾದದ್ದೂ ಹೀಗೆಯೇ. ಉತ್ತರ ಧ್ರುವದ ಸಮೀಪದ ಇನ್ಯೂಟ್ ಜನರು ಹಿಮದ ಇಟ್ಟಿಗೆಗಳಿಂದಲೇ ಮನೆ ಕಟ್ಟಿಕೊಂಡು ಚಳಿಯಿಂದ ಪಾರಾಗುತ್ತಿದ್ದರು. ಹಿಮವನ್ನು ಬರಿಗೈಯಲ್ಲಿ ಮುಟ್ಟಿದರೆ ತಣ್ಣಗಿರುವುದು ದಿಟ. ಆದರೆ ತನ್ನ ಕೆಳಗಿರುವುದನ್ನು ಅದು ಬೆಚ್ಚಗೆ ಇಡುತ್ತದೆ. ಉಪಮೆಯನ್ನು ಹೇಳಿದ್ದು ನಾನು. ಅದರ ಅರ್ಥವನ್ನು ಕಂಡಿದ್ದು ಆ ಹುಡುಗ.

ನಾನು ಬಂದ ಮೇಲೆ ಆ ನಾಡು ನೋವನ್ನೂ ಉಂಡಿತು. ೨೦೨೫ರ ಏಪ್ರಿಲ್ ೨೨ರಂದು ಕಾಶ್ಮೀರದ ಪಹಲ್ಗಾಮ್ ಬಳಿ ಭಯೋತ್ಪಾದಕರು ೨೬ ಜನರನ್ನು ಕೊಂದರು. ಸತ್ತವರಲ್ಲಿ ನಮ್ಮ ಕರ್ನಾಟಕದವರೂ ಇದ್ದರು. ಆ ಸುದ್ದಿಯನ್ನು ಓದಿದಾಗ ಸತ್ತವರ ಮನೆಗಳೊಂದಿಗೆ, ಬಿದ್ದವನಿಗೆ ಕೈಕೊಟ್ಟು ಬದುಕುವ ಆ ತರುಣನ ಮನೆಯೂ ನೆನಪಾಯಿತು. ಹೋಗುವವರು ಕಾಲವನ್ನೂ ಹಿರಿಯರ ಸಲಹೆಯನ್ನೂ ನೋಡಿಕೊಂಡು ಹೋಗಬೇಕು. ಆದರೆ ಒಂದು ನಾಡನ್ನು ಅದರ ಸುದ್ದಿಗಳಿಂದ ಮಾತ್ರವೇ ಅರಿಯುವುದು, ಹಿಮವನ್ನು ಕಾಣದೆ ಹಿಮದ ಪಾಠ ಹೇಳಿದಂತೆ.

ಊರಿಗೆ ಮರಳಿದ ಮೇಲೆ ಆ ವಿದ್ಯಾರ್ಥಿಯನ್ನು ಹುಡುಕಿದೆ. ೨೦೨೪ರ ಜನವರಿಯಲ್ಲಿ ಅವನು ಸಿಕ್ಕಿದನು. ಅದೇ ಹಳ್ಳಿಯಲ್ಲಿ, ಹತ್ತಿಯ ಹೊಲದಲ್ಲಿ. ಐವತ್ತರ ಸಮೀಪದ ಗೃಹಸ್ಥ. ಕೊನೆಯ ಬಿಡಿಸುವಿಕೆ ನಡೆದಿತ್ತು. ನನ್ನನ್ನು ಗುರುತಿಸಿ, ಕಾಲು ಮುಟ್ಟಿ ನಮಸ್ಕರಿಸಿ, ಬೇವಿನ ಮರದ ನೆರಳಿನಲ್ಲಿ ಕೂರಿಸಿದನು. ಅಂದಿನ ಪ್ರಶ್ನೆ ನೆನಪಿದೆಯೇ ಎಂದು ಕೇಳಿದೆ. ಅವನು ಸ್ವಲ್ಪ ಹೊತ್ತು ನೆಲವನ್ನು ನೋಡಿದನು.

“ಪ್ರಶ್ನೆ ನೆನಪಿಲ್ರಿ ಸರ್. ಎಲ್ಲಾರೂ ನಕ್ಕಿದ್ದು ನೆನಪೈತ್ರಿ” ಎಂದನು.

ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ನಾನು ಅವನ ಪ್ರಶ್ನೆಯನ್ನು ಅವನಿಗೆ ಹಿಂದಿರುಗಿಸಿದೆ. ಸಲಿಕೆಯ ಕಥೆಯನ್ನೂ ಮೆತ್ತನೆಯ ಮಣ್ಣನ್ನೂ ಹೇಳಿದೆ. “ನೀನು ಕೇಳಿದ್ದು ಸರಿ, ನಾನು ನಕ್ಕದ್ದು ತಪ್ಪು” ಎಂದೆ. ಅವನು ಕೈಯಲ್ಲಿದ್ದ ಹತ್ತಿಯ ತೊಳೆಯನ್ನು ಬಿಡಿಸುತ್ತ ಸುಮ್ಮನೆ ಕೇಳಿದನು. ಒಂಬತ್ತನೆಯ ತರಗತಿಯಲ್ಲಿ ಓದುವ ಅವನ ಮಗಳು ಪಕ್ಕದಲ್ಲಿ ನಿಂತು ಕೇಳುತ್ತಿದ್ದಳು. ಆ ತಿಂಗಳ ಪತ್ರಿಕೆಗಳಲ್ಲಿ ಗುಲ್ಮಾರ್ಗದ ಚಿತ್ರಗಳು ಬಂದಿದ್ದವು. ಜನವರಿ ಮುಗಿಯುತ್ತ ಬಂದರೂ ಆ ವರ್ಷ ಅಲ್ಲಿ ಹಿಮ ಬಿದ್ದಿರಲಿಲ್ಲ. ನಾನು ಜಾರಿ ಬಿದ್ದ ಬಯಲು ಕಂದುಬಣ್ಣದ ಹುಲ್ಲಿನಿಂದ ತುಂಬಿತ್ತು. ತಿಂಗಳ ಕೊನೆಗೆ ಹಿಮ ಬಿದ್ದಿತು, ಆದರೆ ನಾವು ಮಾತನಾಡಿದ ದಿನ ಇನ್ನೂ ಬಿದ್ದಿರಲಿಲ್ಲ. ಇದನ್ನೂ ನಾನು ಅವರಿಗೆ ಹೇಳಿದೆ.

ಆಗ ಹುಡುಗಿ ಕೇಳಿದಳು: “ಹಂಗಾದ್ರ, ಹಿಮ ಬೀಳದ ವರ್ಷ ಅಲ್ಲಿ ನೆಲಕ್ಕ ಯಾರು ಹೊದಿಸ್ತಾರ್ರಿ ಸರ್?”

ತಂದೆ ನನ್ನ ಮುಖವನ್ನು ನೋಡಿದನು. ಉತ್ತರ ನನ್ನ ಬಳಿ ಇರಲಿಲ್ಲ. ಆದರೆ ನಾನು ನಗಲಿಲ್ಲ. “ಒಳ್ಳೆಯ ಪ್ರಶ್ನೆ ತಾಯಿ, ಕುಳಿತುಕೋ, ಯೋಚಿಸೋಣ” ಎಂದೆ.